ದುಗ್ಗಮ್ಮನ ಮನೆಯ ಮೊಸಳೆ

ಆನಂದಪುರದ ಅರಣ್ಯ ಇಲಾಖೆಯ ಕೊಠಡಿಗೆ ಆ ಬೆಳಿಗ್ಗೆ ಬಂದ ಸುದ್ದಿ ಇಷ್ಟು: ಹೊಸಕೇರಿಯ ದುಗ್ಗಮ್ಮ ಎಂಬಾಕೆಯ ಮನೆಯಲ್ಲಿ, ಅಟ್ಟದ ಮೇಲೆ, ಮೊಸಳೆ ಕೂತಿದೆ. ಸುದ್ದಿ ತಂದ ಹಾಲಿನವನು ಅದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. "ನಾನು ನೋಡಿಲ್ಲ ಸ್ವಾಮಿ. ಹೇಳು ಅಂದ್ರು, ಹೇಳಿದೀನಿ" ಎಂದು ಸೇರಿಸಿ ಸೈಕಲ್ ಹತ್ತಿದ.

ಗಾರ್ಡ್ ಜಟ್ಟಿಂಗಪ್ಪ ಮೊಸಳೆಯ ಬಗ್ಗೆ ಯೋಚಿಸಲಿಲ್ಲ. ಅಟ್ಟದ ಬಗ್ಗೆ ಯೋಚಿಸಿದ.

ಶರಾವತಿಗೆ ಕಟ್ಟೆ ಕಟ್ಟಿ, ಹಿನ್ನೀರು ಏರಿ, ಊರುಗಳು ಮುಳುಗಿದ ಕಾಲ ಅದು. ನೀರು ಜನರನ್ನಷ್ಟೇ ಎಬ್ಬಿಸಲಿಲ್ಲ. ಪೊಟರೆ, ಬಿಲ, ಹುತ್ತಗಳಲ್ಲಿದ್ದವೂ ಹೊರಟು, ಕಂಡ ಕಂಡ ಸೂರಿನಡಿ ಹೊಕ್ಕವು. ಜನ ಸಿಕ್ಕಿದ್ದಕ್ಕೆಲ್ಲ ಕೋವಿ ಎತ್ತತೊಡಗಿದಾಗ ರೇಂಜರ್ ಸಾಹೇಬರು ಒಂದು ಆದೇಶ ಹೊರಡಿಸಿದರು: ಚಿರತೆ, ಹೆಬ್ಬಾವು, ಮೊಸಳೆ ಬಂದರೆ ಯಾರೂ ಮುಟ್ಟಕೂಡದು, ಗಾರ್ಡ್ ಬರುವವರೆಗೆ ಕಾಯಬೇಕು. ಮಿಕ್ಕ ಹಾವು ಹಲ್ಲಿಗಳು ಊರಿನವರ ಪಾಲಿಗೆ. ಆದೇಶದ ಬೆನ್ನಿಗೆ ಒಂದು ಫಾರಂ ಇತ್ತು. ಪ್ರಾಣಿ ಯಾವುದು, ಎಷ್ಟು ಉದ್ದ, ಯಾವ ದಾರಿಯಲ್ಲಿ ಬಂತು, ಎಲ್ಲಿ ಬಿಡಲಾಯಿತು, ಸಾಕ್ಷಿಗಳು ಯಾರು.

ಜಟ್ಟಿಂಗಪ್ಪ ಅಂಥ ಫಾರಂಗಳನ್ನು ನಲವತ್ತರ ಹತ್ತಿರ ತುಂಬಿದ್ದ. ಹೆಬ್ಬಾವೆಂದು ಕರೆಸಿ ತೋರಿಸಿದ ಕೇರೆಹಾವುಗಳು, ಚಿರತೆಯೆಂದು ಕರೆಸಿದ ಕಾಡುಬೆಕ್ಕುಗಳು, ಒಮ್ಮೆ ಬಚ್ಚಲ ಮೂಲೆಯಲ್ಲಿ ಸುರುಳಿ ಸುತ್ತಿದ್ದ ಹಳೇ ಸೈಕಲ್ ಟ್ಯೂಬು. ಟ್ಯೂಬನ್ನೂ ಅಳೆದು ಉದ್ದ ಬರೆದಿದ್ದ. ಅದು ಬಂದ ದಾರಿಯನ್ನೂ ವಿಚಾರಿಸಿದ್ದ. ತೀರ್ಥಹಳ್ಳಿ ಕಡೆಯ ಈ ಮನುಷ್ಯನಿಗೆ ಕಾಗದದಲ್ಲಿ ಖಾಲಿ ಜಾಗ ಬಿಡುವುದೆಂದರೆ ಅಂಗಿಯ ಗುಂಡಿ ಹಾಕದೆ ರಸ್ತೆಗೆ ಹೋದ ಹಾಗೆ.

ಹೊಸಕೇರಿಯೆಂದರೆ ಹೊಸನಗರದ ಕಡೆಯ ಮುಳುಗಿದ ಊರಿನಿಂದ ಬಂದವರ ಹದಿನಾಲ್ಕು ಮಣ್ಣಿನ ಮನೆಗಳು. ಗೋಡೆಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಅವನು ಹೋದಾಗ ಹದಿಮೂರು ಮನೆಯವರು ಹದಿನಾಲ್ಕನೆಯದರ ಮುಂದೆ ನಿಂತಿದ್ದರು. ಬಾಗಿಲ ಎದುರು ಒಂದು ಹೊರೆ ಮುಳ್ಳು ಬಿದ್ದಿತ್ತು. ಹೊಸಿಲ ಮೇಲೆ, ಒನಕೆ ಹಿಡಿದು, ನಲವತ್ತೈದರ ಗಟ್ಟಿ ಹೆಂಗಸೊಬ್ಬಳು ನಿಂತಿದ್ದಳು.

"ಬಂದ್ರಾ ಗಾರ್ಡ್‌ರೆ? ಬನ್ನಿ. ಮೊಸಳೆ ಒಳಗಿದೆ" ಎಂದಳು ದುಗ್ಗಮ್ಮ.

"ಮೊಸಳೆಯಂತೆ!" ಎಂದ ಕೇರಿಯ ಹಿರಿಯ ಸೀತಾರಾಮಪ್ಪ. "ಉಡ ಅದು. ನಾವೆಲ್ಲ ಕಂಡೀವಿ. ಇವಳಿಗೊಬ್ಬಳಿಗೇ ಮೊಸಳೆ."

"ನಮ್ಮನೆ ಅಟ್ಟ, ನಮ್ಮನೆ ಮೊಸಳೆ. ನಿಮಗೇನು ಕಷ್ಟ?"

ಕಷ್ಟ ಇದ್ದದ್ದು ಹೀಗೆ. ಉಡ ಹೊಕ್ಕ ಮನೆಯಲ್ಲಿ ಆರು ತಿಂಗಳು ಒಲೆ ಹೊತ್ತಿಸುವಂತಿಲ್ಲ. ಬಾಗಿಲಿಗೆ ಮುಳ್ಳು ಬಡಿದು ಮನೆಯವರು ಬೇರೆಲ್ಲಾದರೂ ಇರಬೇಕು. ಇಲ್ಲದಿದ್ದರೆ ದರಿದ್ರ ಆ ಮನೆಗಷ್ಟೇ ನಿಲ್ಲದೆ ಕೇರಿಗೇ ಹಬ್ಬುತ್ತದೆ. ಇದು ಅಜ್ಜಂದಿರ ಕಾಲದ ಕಟ್ಟು. ಮನೆ ಮುಳುಗಿತು, ಗದ್ದೆ ಮುಳುಗಿತು, ದೇವರ ಬನ ಮುಳುಗಿತು. ಕಟ್ಟು ಮಾತ್ರ ಲಾರಿ ಹತ್ತಿ ಇವರ ಜೊತೆ ಕ್ಷೇಮವಾಗಿ ಬಂದಿತ್ತು. ಮೊಸಳೆ ಹೊಕ್ಕ ಮನೆಗೆ ಏನು ಮಾಡಬೇಕೆಂದು ಯಾವ ಅಜ್ಜನೂ ಹೇಳಿ ಹೋಗಿರಲಿಲ್ಲ. ದುಗ್ಗಮ್ಮನಿಗೆ ಅದು ಗೊತ್ತಿತ್ತು. ಮೊಸಳೆಯೆಂದರೆ ಸರ್ಕಾರ ಬರುತ್ತದೆ ಎಂಬುದೂ ಗೊತ್ತಿತ್ತು.

"ಒಳಗೆ ಹನ್ನೊಂದು ದಿನದ ಬಾಣಂತಿ ಅದಾಳೆ, ನನ್ ಮಗಳು" ಎಂದು ಅವಳು ಗಾರ್ಡನಿಗೆ ಹೇಳಿದಳು, ಉಳಿದವರಿಗೆ ಕೇಳಿಸುವಷ್ಟು. "ನೀರು ಬಂತು ಅಂತ ಒಂದು ಮನೆ ಬಿಟ್ಟೆ. ಸೋಗೆ ಗುಡಿಸ್ಲಲ್ಲಿ ಎಂಟು ತಿಂಗಳು ಕೂತೆ. ಈ ಮನೆಗೆ ಬಂದು ಒಂದು ತಿಂಗಳಾಗಿಲ್ಲ. ಇನ್ನು ಯಾರಿಗೋಸ್ಕರನೂ ಮನೆ ಬಿಡಲ್ಲ."

"ನಮ್ಮ ಕೊಟ್ಟಿಗೆ ಪಕ್ಕ ಜಾಗ ಕೊಡ್ತೀನಿ ಅಂದೀನಲ್ಲೇ!" ಎಂದ ಸೀತಾರಾಮಪ್ಪ. "ಉಡದ ಪಟ್ಟು ಹಿಡೀಬ್ಯಾಡ."

"ಮೊಸಳೆ ಪಟ್ಟು ಅನ್ನಿ."

ಹಿಂದೆ ಯಾರೋ ನಕ್ಕರು. ಸೀತಾರಾಮಪ್ಪ ತಿರುಗಿ ನೋಡಿದ ಮೇಲೆ ಯಾರೂ ನಕ್ಕಿರಲಿಲ್ಲ.

ಜಟ್ಟಿಂಗಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಬಾಣಂತಿಗೆ ಅಡ್ಡ ಕಟ್ಟಿದ್ದ ಸೀರೆಯ ಆಚೆ ಮಗು ಸೀನಿತು. ಅಟ್ಟಕ್ಕೆ ಏಣಿ ಇಟ್ಟು ಹತ್ತಿದರೆ, ಅಡಿಕೆ ದಬ್ಬೆಯ ಮೇಲೆ ಮೂರೂವರೆ ಅಡಿಯ ಪ್ರಾಣಿ ಹೊಟ್ಟೆ ಒತ್ತಿ ಮಲಗಿ ಅವನನ್ನೇ ನೋಡುತ್ತಿತ್ತು. ಒಮ್ಮೆ ನಾಲಿಗೆ ಚಾಚಿತು. ಉದ್ದದ, ತುದಿ ಸೀಳಿದ ನಾಲಿಗೆ.

"ದುಗ್ಗಮ್ಮನೋರೆ," ಎಂದು ಅವನು ತಗ್ಗಿದ ದನಿಯಲ್ಲಿ ಕೆಳಗೆ ಹೇಳಿದ, "ಮೊಸಳೆ ನಾಲಿಗೆ ಹೊರಗೆ ಹಾಕಲ್ಲ. ಅಟ್ಟಾನೂ ಹತ್ತಲ್ಲ."

"ಇದು ಹತ್ತೈತೆ."

"ನಾನು ಇದ್ದದ್ದನ್ನೇ ಬರೆಯೋನು."

"ಬರೀರಿ. ಆಮೇಲೆ ಹೊರಗೆ ಬಿದ್ದಿರೋ ಮುಳ್ಳನ್ನೂ ನೀವೇ ಎತ್ತಿ ಬಾಗ್ಲಿಗೆ ಬಡೀರಿ. ನನ್ ಕೈಲಿ ಆಗಲ್ಲ."

ಅವನು ಕೆಲಸಕ್ಕೆ ತೊಡಗಿದ. ಒದ್ದೆ ಗೋಣಿಯನ್ನು ಅದರ ತಲೆಯ ಮೇಲೆ ಎಸೆದು, ಕುತ್ತಿಗೆಯನ್ನು ಒಂದು ಕೈಯಲ್ಲಿ, ಬಾಲದ ಬುಡವನ್ನು ಇನ್ನೊಂದರಲ್ಲಿ ಹಿಡಿದ. ಎಳೆದರೆ ಅದು ದಬ್ಬೆ ಬಿಡುವುದಿಲ್ಲ, ದಬ್ಬೆಯೇ ಅಟ್ಟದಿಂದ ಕಿತ್ತು ಬರುತ್ತದೆ. ಆದ್ದರಿಂದ ಎಳೆಯಲಿಲ್ಲ. ಒಂದೊಂದೇ ಉಗುರನ್ನು ಬೆರಳಿನಿಂದ ಬಿಡಿಸಿದ. ಅರ್ಧ ಗಂಟೆ ಹಿಡಿಯಿತು. ಮುಂಗೈಯಲ್ಲಿ ಮೂರು ಗೀರು ರಕ್ತ ಬಂತು. ಕೆಳಗಿಳಿದಾಗ ಗೋಣಿಯ ಬಾಯಿ ಕಟ್ಟಿಯಾಗಿತ್ತು.

"ಸೊಂಟನೋವಿಗೆ ಬಾಳ ಒಳ್ಳೇದು ಅದರ ಮಾಂಸ" ಎಂದು ಒಬ್ಬ ಆಸೆಯಿಂದ ಹೇಳಿದ.

"ನನ್ನ ಸೊಂಟ ಸರಿ ಇದೆ" ಎಂದ ಜಟ್ಟಿಂಗಪ್ಪ. ಜಗಲಿಯ ಮೇಲೆ ಕೂತು ಫಾರಂ ತೆಗೆದ. ಪ್ರಾಣಿ: ಉಡ. ಉದ್ದ: ಮೂರು ಅಡಿ ಆರು ಅಂಗುಲ.

"ನಾ ಹೇಳಿಲ್ವಾ!" ಎಂದು ಸೀತಾರಾಮಪ್ಪ ಮುಳ್ಳಿನ ಹೊರೆಗೆ ಕೈ ಹಾಕಿದ. ದುಗ್ಗಮ್ಮ ಒನಕೆಯನ್ನು ಹೊಸಿಲಿಗೆ ಅಡ್ಡ ಹಿಡಿದಳು.

"ತಡೀರಿ" ಎಂದ ಗಾರ್ಡ್. "ಯಾವ ದಾರೀಲಿ ಬಂತು ಅಂತ ಬರೀಬೇಕು."

"ಅದಕ್ಕೇನು, ಹಳ್ಳದ ಕಡೆಯಿಂದ ಅಂತ ಬರೀರಿ."

"ನೋಡಿ ಬರೀತೀನಿ."

ಅವನು ಗೋಣಿಯನ್ನು ಹೆಗಲಿಗೇರಿಸಿ ಬಗ್ಗಿ ನಡೆಯತೊಡಗಿದ. ಹೊಸ ಕೇರಿಯ ಹಸಿ ಮಣ್ಣು, ಗುರುತು ಅಚ್ಚೊತ್ತಿದಂತಿತ್ತು. ಎರಡೂ ಬದಿಗೆ ಐದೈದು ಉಗುರು, ನಡುವೆ ಬಾಲ ಎಳೆದ ಗೆರೆ. ದುಗ್ಗಮ್ಮನ ಬಾಗಿಲಿನಿಂದ ಹಿಂದಕ್ಕೆ ಗೆರೆ ಅಂಗಳ ದಾಟಿತು, ಬೇಲಿ ನುಸುಳಿತು. ಜನ ಅದರ ಹಿಂದೆ ಹೊರಟರು, ಮೊದಲು ಉತ್ಸಾಹದಿಂದ, ಆಮೇಲೆ ಕೊಂಚ ನಿಧಾನವಾಗಿ. ಏಕೆಂದರೆ ಗೆರೆ ಹಳ್ಳದ ಕಡೆ ಹೋಗದೆ ಸೀತಾರಾಮಪ್ಪನ ಮನೆಯ ಮುಂಬಾಗಿಲಿಗೆ ಹೋಗಿ ನಿಂತಿತ್ತು.

ಒಳಗಿನ ನೆಲದಲ್ಲಿ ಗುರುತಿರಲಿಲ್ಲ. ಮುಂಬಾಗಿಲಿನಿಂದ ಅಡುಗೆಮನೆಯವರೆಗೆ ಆಗಷ್ಟೇ ಸಗಣಿ ಸಾರಿಸಿದ್ದು, ಒದ್ದೆ ಮಿರುಗುತ್ತಿತ್ತು. ಹೊತ್ತು ನೆತ್ತಿಗೆ ಬಂದಿತ್ತು. ಬೇರೆ ಹದಿಮೂರು ಮನೆಗಳ ನೆಲ ಬೆಳಿಗ್ಗೆಯೇ ಸಾರಿಸಿ ಒಣಗಿತ್ತು.

"ಅಮ್ಮಾ, ಇವತ್ತು ಎಂತ ವಿಶೇಷ?" ಎಂದು ಜಟ್ಟಿಂಗಪ್ಪ ಸೀತಾರಾಮಪ್ಪನ ಹೆಂಡತಿ ಜಲಜಮ್ಮನನ್ನು ಕೇಳಿದ. "ಎರಡನೇ ಸಲ ಸಾರ್ಸಿದೀರಿ."

"ವಿಶೇಷ ಎಂತದೂ ಇಲ್ಲ. ಧೂಳು."

ಅವನು ಮನೆಯನ್ನು ಸುತ್ತಿ ಹಿಂದಕ್ಕೆ ಹೋದ. ನೆಲ ಸಾರಿಸುವವರು ಹಿಂಬಾಗಿಲಿನ ಹೊಸಿಲಲ್ಲಿ ಕೈ ನಿಲ್ಲಿಸುತ್ತಾರೆ. ಅದರಾಚೆಯದು ಅಂಗಳದ ಲೆಕ್ಕ. ಜಲಜಮ್ಮನ ಕೈಯೂ ಅಲ್ಲೇ ನಿಂತಿತ್ತು. ಅದರಾಚೆ, ಕೋಳಿಗೂಡಿನಿಂದ ಹಿಂಬಾಗಿಲವರೆಗೆ, ಉಗುರು ಮತ್ತು ಬಾಲದ ಗೆರೆ, ನಡುವೆ ಎರಡು ಮೊಟ್ಟೆಯ ಚಿಪ್ಪು. ಹೊಸಿಲ ಪಕ್ಕದಲ್ಲಿ ಮುರಿದ ಪೊರಕೆ.

ಎಲ್ಲರೂ ಜಲಜಮ್ಮನನ್ನು ನೋಡಿದರು. ಅವಳು ಗಂಡನನ್ನು ನೋಡಿದಳು.

"ಬೆಳಿಗ್ಗೆ ನೀವು ತೋಟಕ್ಕೆ ಹೋದಾಗ ಒಲೆ ಹತ್ರ ಬಂದಿತ್ತು. ಹೊಡೆದು ಓಡ್ಸಿದೆ. ಅದು ಅವಳ ಮನೆಗೆ ಹೋದ್ರೆ ನಾ ಎಂತ ಮಾಡ್ಲಿ?"

ಸೀತಾರಾಮಪ್ಪ ಮುಳ್ಳಿನ ಹೊರೆಯನ್ನು ಮರೆತು ಕೈಯಲ್ಲೇ ಹಿಡಿದು ತಂದಿದ್ದ. ಈಗ ನೆನಪಾಗಿ ಕೆಳಗಿಟ್ಟ. ಗೋಣಿಯನ್ನು ದಿಟ್ಟಿಸಿದ. ಹಿರಿಯರ ಮುಖದಲ್ಲಿ ಮಾತ್ರ ಕಾಣುವ ಗಾಂಭೀರ್ಯ ಅವನ ಮುಖದಲ್ಲಿ ಮೂಡಿತು.

"ಗಾರ್ಡ್‌ರೆ, ಚರ್ಮ ನೋಡಿದ್ರೆ... ಮೊಸಳೆ ಮರಿ ಅಂತ ಕಾಣ್ತದೆ."

"ನಂಗೂ ಹಂಗೇ ಕಂಡಿತ್ತು" ಎಂದ ಸೊಂಟನೋವಿನವನು. ಹತ್ತು ನಿಮಿಷದಲ್ಲಿ ಇಡೀ ಕೇರಿಗೆ ಅದು ಮೊಸಳೆಯಾಯಿತು. ಅದರ ಮೂತಿಯನ್ನು ಹೊಗಳಿದರು. ಸಾಕ್ಷಿ ಹಾಕಲು ಐದು ಜನ ಮುಂದೆ ಬಂದರು. ಉಡವೆಂದು ಹೇಳುವವನು ಜಟ್ಟಿಂಗಪ್ಪನೊಬ್ಬನೇ ಉಳಿದ.

"ಮೊಸಳೆ ಅಂತ ಬರೆದ್ರೆ ನಾಳೆ ಸಾಗರದಿಂದ ಕೋವಿ ಹಿಡಿದು ಹಳ್ಳ ಶೋಧಿಸೋಕೆ ಬರ್ತಾರೆ" ಎಂದ ಅವನು. "ನಾನು ಬರೆಯಲ್ಲ. ಇದು ಉಡ."

"ದುಗ್ಗಮ್ಮ, ನೀನಾದ್ರೂ ಹೇಳೇ!" ಎಂದ ಸೀತಾರಾಮಪ್ಪ. "ನೀನೇ ಅಲ್ವಾ ಮೊದಲು ಮೊಸಳೆ ಅಂದಿದ್ದು? ಈಗ ನಿನ್ ಮನೆಗೇನೂ ತೊಂದ್ರೆ ಇಲ್ಲ."

ದುಗ್ಗಮ್ಮ ಒನಕೆಯನ್ನು ಗೋಡೆಗೆ ಒರಗಿಸಿದಳು.

"ಉಡ ಅಂತ ಬರೀರಿ ಗಾರ್ಡ್‌ರೆ."

"ತಲೆ ಕೆಟ್ಟಿದೆಯಾ ನಿಂಗೆ?"

"ಇಲ್ಲ ಸೀತಾರಾಮಣ್ಣ. ಇವತ್ತು ನೀವು ಮೊಸಳೆ ಅಂತೀರಿ. ಇವರು ಬಸ್ ಹತ್ತಿದ ಮೇಲೆ, ಯಾರದೋ ದನ ಸಾಯ್ತದೆ, ಯಾರಿಗೋ ಜ್ವರ ಬರ್ತದೆ. ಆವಾಗ ಅದು ಮತ್ತೆ ಉಡ ಆಗ್ತದೆ, ನನ್ ಮನೇಲಿ ಮಾತ್ರ. ಅದು ಬ್ಯಾಡ. ಬಂದ ದಾರಿ ಸಮೇತ ಕಾಗದದಲ್ಲಿ ಇರ್ಲಿ. ಮೊದಲು ಹೊಕ್ಕ ಮನೆಯೋರು ಮೊದಲು ಬಾಗ್ಲಿಗೆ ಮುಳ್ಳು ಬಡೀಲಿ. ಅವರ ಹಿಂದೇನೇ ನಾನು ಮಗಳನ್ನ, ಮಗೂನ ಎತ್ಕೊಂಡು ಹೊರಡ್ತೀನಿ. ಒಂದು ಗಳಿಗೆ ತಡ ಮಾಡಲ್ಲ."

ಮೊದಲು ಬಾಯಿ ಬಿಟ್ಟವಳು ಜಲಜಮ್ಮ.

"ನಾ ಎಲ್ಲಿಗೂ ಹೋಗಲ್ಲ" ಎಂದಳು ಗಂಡನಿಗೆ. "ಒಲೆ ಮೇಲೆ ಅನ್ನ ಇಟ್ಟು ಬಂದೀನಿ. ನೀವು ಬೇಕಾದ್ರೆ ಕಟ್ಟು ಕಟ್ಕೊಂಡು ಕೊಟ್ಟಿಗೇಲಿ ಇರಿ, ಆರು ತಿಂಗಳು." ಎಂದವಳೇ ಒದ್ದೆ ನೆಲದ ಮೇಲೆ ಹೆಜ್ಜೆ ಮೂಡಿಸುತ್ತ ಒಳಗೆ ಹೋದಳು.

ಜಟ್ಟಿಂಗಪ್ಪ ಮೂರನೆಯ ಜಾಗ ತುಂಬಿದ: ಸೀತಾರಾಮಪ್ಪನವರ ಕೋಳಿಗೂಡಿನಿಂದ ಅವರ ಅಡುಗೆಮನೆಯ ಮೂಲಕ ದುಗ್ಗಮ್ಮನವರ ಅಟ್ಟಕ್ಕೆ. ಬಿಡುವ ಜಾಗ, ಹಳ್ಳದಾಚೆಯ ಕಾಡು. ಸಾಕ್ಷಿ ಹಾಕಲು ಬಂದಿದ್ದ ಐವರಲ್ಲಿ ನಾಲ್ವರಿಗೆ ಅವಸರದ ಕೆಲಸ ನೆನಪಾಗಿತ್ತು. ಅವನು ಫಾರಂ ಮತ್ತು ಪೆನ್ನನ್ನು ಉಳಿದ ಐದನೆಯವ ಸೀತಾರಾಮಪ್ಪನ ಮುಂದೆ ಹಿಡಿದು ಸುಮ್ಮನೆ ನಿಂತ. ಖಾಲಿ ಜಾಗ ತುಂಬುವವರೆಗೆ ಅವನು ಹೋಗುವುದಿಲ್ಲವೆಂಬುದು ಅವನು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಸೀತಾರಾಮಪ್ಪ ಸಹಿ ಹಾಕಿದ. ಅಕ್ಷರಗಳು ಎಂದಿಗಿಂತ ಸಣ್ಣದಾಗಿ ಬಂದವು.

"ಈಗ ಓದಿ ಹೇಳಿ" ಎಂದಳು ದುಗ್ಗಮ್ಮ.

ಜಟ್ಟಿಂಗಪ್ಪ ಓದಿದ.

"ಇನ್ನೂ ಸ್ವಲ್ಪ ಗಟ್ಟಿಯಾಗಿ. ಆ ತುದಿ ಮನೆಯೋರು ಆಗಲೇ ಹೊರಟು ಹೋದ್ರು."

ಅವನು ಗಂಟಲು ಸರಿಮಾಡಿಕೊಂಡು, ಜಗಲಿಯ ಮೇಲೆ ಹತ್ತಿ ನಿಂತು, ಪ್ರಾಣಿಯ ಹೆಸರಿನಿಂದ ಮತ್ತೆ ಶುರುಮಾಡಿದ.