ಪಕ್ಕದ ಹೊಲದವರು

ಸರ್ಕಾರದವರು ಬರುತ್ತಾರೆಂದರೆ ಮನೆ ಅಂಗಳ ಗುಡಿಸುವುದು ಎಲ್ಲರಿಗೂ ಬರುವ ಬುದ್ಧಿ. ಮಾವ ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ಕಾಡನ್ನೂ ಗುಡಿಸಿಬಿಟ್ಟಿದ್ದರು.

ಕೊಟ್ಟಿಗೆಯ ಕೆಲಸ ಮುಗಿಸಿ ಹಳ್ಳದ ದಂಡೆಗೆ ಬಂದ ಸೊಸೆ ನಿಂತಲ್ಲೇ ಕಲ್ಲಾದಳು. ಹೊಲಕ್ಕೂ ಹಳ್ಳಕ್ಕೂ ನಡುವೆ ಅವಳು ಉಳದೆ, ದನ ಮೇಯಿಸದೆ ಕಾಪಾಡಿಕೊಂಡು ಬಂದ ಕಾಡುನೆಲದ ಪಟ್ಟಿ ಅದು. ಹಾಗೆ ಬಿಟ್ಟವರಿಗೆ ಸರ್ಕಾರ ವರ್ಷಕ್ಕೊಮ್ಮೆ ಹಣ ಕೊಡುತ್ತಿತ್ತು. ಬಲವಂತವೇನಿಲ್ಲ, ಮನಸ್ಸಿದ್ದವರು ಸಹಿ ಹಾಕಬಹುದು. ಜಮೀನು ಅವಳ ಹೆಸರಿನಲ್ಲಿತ್ತು, ಹಾಕಿದ್ದಳು. ಕಳೆ ಬೆಳೆಸುವುದಕ್ಕೂ ಸಂಬಳವೇ ಎಂದು ಮಾವ ಸಿಕ್ಕಸಿಕ್ಕವರ ಮುಂದೆ ಆಡಿಕೊಂಡು ನಕ್ಕಿದ್ದರು. ಲಾರಿ ಓಡಿಸುವ ಗಂಡ ನಗಲಿಲ್ಲ, ಆದರೆ ಹಣ ನಿಂತ ದಿನವೇ ಅಲ್ಲಿ ಟ್ರ್ಯಾಕ್ಟರ್ ಇಳಿಸುತ್ತೇನೆಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಹೋದ ಮಳೆಗಾಲದಲ್ಲಿ ಹಳ್ಳ ಮೊದಲ ಸಲ ಹೊಲದ ಮಣ್ಣು ಹೊತ್ತೊಯ್ಯದೆ ತಿಳಿಯಾಗಿ ಹರಿದಿತ್ತು. ಒಣಮರದ ಪೊಟರೆಯಲ್ಲಿ ಗೂಬೆ ಮನೆ ಮಾಡಿತ್ತು. ಗಂಡನ ಮನೆಗೆ ಬಂದಮೇಲೆ ತಾನೇ ಮಾಡಿದ್ದು ಎಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಅದೊಂದೇ.

ಆ ಒಣಮರ ಈಗ ಅಂದವಾಗಿ ಒಟ್ಟಿದ ಸೌದೆಯಾಗಿತ್ತು. ಪೊದೆ ಸವರಿ, ತರಗೆಲೆ ಗುಡ್ಡೆ ಹಾಕಿ, ಮಾವ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು.

"ಬಂದೋರ ಮುಂದೆ ನಿನ್ನ ಮರ್ಯಾದೆ ಹೋಗಬಾರದು ಅಂತ ಬೆಳಗಾಗೋ ಮುಂಚೆನೇ ಎದ್ದೆ ಮಗಳೇ," ಎಂದರು.

ಆ ಮುಖದ ಹೆಮ್ಮೆ ನೋಡಿ ಅವಳಿಗೆ ಬೈಯಲು ನಾಲಿಗೆ ಏಳಲಿಲ್ಲ. ಸತ್ತ ಮರ ನಿಂತಲ್ಲೇ ನಿಲ್ಲಬೇಕು, ಬಿದ್ದ ಎಲೆ ಬಿದ್ದಲ್ಲೇ ಕೊಳೆಯಬೇಕು, ಆ ಯೋಜನೆಯ ಮೊದಲ ಷರತ್ತೇ ಅದು ಎಂದು ತಿಳಿಸಿ ಹೇಳುವಷ್ಟರಲ್ಲಿ ಜೀಪಿನ ಸದ್ದು ಕೇಳಿತು. ಮಾವನ ಮುಖ ಇಳಿದುಹೋಯಿತು.

ಬಂದ ಅಧಿಕಾರಿ ಹೊಸಬ, ಇವರ ಮನೆಯಲ್ಲಿ ಯಾರು ಏನು ಎನ್ನುವುದು ಗೊತ್ತಿಲ್ಲದವನು. ಪಟ್ಟಿಯ ಉದ್ದಕ್ಕೂ ನಡೆದ. ಬೊಡ್ಡೆಯ ಮುಂದೆ ಕೂತು ಕೈಯಾಡಿಸಿದ. ಗಾಳಿಗೆ ಬಿತ್ತು ಎನ್ನೋಣವೆಂದರೆ ಗರಗಸದ ಗುರುತು ಎದ್ದು ಕಾಣುತ್ತಿತ್ತು. ಮನೆಯವರೇ ಕಡಿದಿದ್ದರೆ ಒಪ್ಪಂದ ಇವತ್ತಿಗೇ ರದ್ದು, ಹೊರಗಿನವರು ಕೇಳದೆ ನುಗ್ಗಿ ಕಡಿದಿದ್ದರೆ ಮಾತ್ರ ಮಾಲೀಕರ ತಪ್ಪಲ್ಲ ಎಂದು ಅವನು ಪಾಠ ಒಪ್ಪಿಸುವವನಂತೆ ಹೇಳಿದ. ಆಮೇಲೆ ತಲೆಯೆತ್ತಿ, ಕಡಿದವರು ಯಾರು ಎಂದು ಕೇಳಿದ.

ಅವಳು ಸೌದೆಯ ಒಟ್ಟಿಲಿನ ಕಡೆ ನೋಡಿದಳು.

"ನಾನು," ಎಂದರು ಮಾವ. "ಪಕ್ಕದ ಹೊಲದವನು. ಸೌದೆಗೆ ಆಸೆಪಟ್ಟೆ. ಇವರನ್ನ ಕೇಳಲಿಲ್ಲ."

ಮದುವೆಯಾಗಿ ಬಂದ ದಿನದಿಂದ ಮಗಳೇ ಎಂದು ಕರೆದ ಬಾಯಲ್ಲಿ ಆ 'ಇವರನ್ನ' ಕೇಳಿ ಅವಳು ಮಾವನ ಮುಖ ನೋಡಿದಳು. ಅಧಿಕಾರಿ ಅವಳ ಕಡೆ ತಿರುಗಿದ.

"ಹೌದಾ ಅಮ್ಮ?"

ಇಲ್ಲ ಎನ್ನಲೆಂದೇ ಬಾಯಿ ತೆರೆದಳು. ಹಿಂದೆ ಹಳ್ಳ ಸದ್ದಿಲ್ಲದೆ ಹರಿಯುತ್ತಿತ್ತು. ಗಂಡನ ಟ್ರ್ಯಾಕ್ಟರಿನ ಮಾತು ನೆನಪಾಯಿತು.

"ಹೌದು," ಎಂದಳು. "ಪಕ್ಕದವರು."

ಅಧಿಕಾರಿ ತನ್ನ ಸಿಟ್ಟನ್ನೆಲ್ಲ ಮಾವನ ಮೇಲೆ ತೀರಿಸಿಕೊಂಡ. ಈ ವಯಸ್ಸಿನಲ್ಲಿ ಕದಿಯಲು ನಾಚಿಕೆಯಾಗಲಿಲ್ಲವೇ ಎಂದ, ದಂಡ ಕಟ್ಟಬೇಕೆಂದ, ಇನ್ನೊಮ್ಮೆ ಈ ಪಟ್ಟಿಗೆ ಕಾಲಿಟ್ಟರೆ ಪೊಲೀಸರಿಗೆ ಹೇಳುತ್ತೇನೆಂದ. ಊರಲ್ಲಿ ಯಾರ ಮಾತಿಗೂ ಸೊಪ್ಪು ಹಾಕದ ಮನುಷ್ಯ ಕೈಕಟ್ಟಿಕೊಂಡು ಅಷ್ಟನ್ನೂ ಕೇಳಿಸಿಕೊಂಡರು. ತೋರಿಸಿದಲ್ಲಿ ಸಹಿ ಹಾಕಿದರು. ಆಮೇಲೆ ಮನೆಯ ದಾರಿ ಬಿಟ್ಟು ಪಕ್ಕದ ಹೊಲದ ಬದುವಿನ ಮೇಲೆ ನಡೆದರು.

ಒಪ್ಪಂದ ಉಳಿಯಿತು ಎಂದು ಹೇಳಿ ಅಧಿಕಾರಿ ಜೀಪು ಹತ್ತಿದ. ಅವಳಿಗೆ ತಡೆಯಲಾಗಲಿಲ್ಲ. "ಮಾವ," ಎಂದು ಕೂಗಿಯೇಬಿಟ್ಟಳು.

ಅವರು ತಿರುಗಿ ನೋಡಲಿಲ್ಲ, ಹೆಜ್ಜೆಯನ್ನೂ ನಿಲ್ಲಿಸಲಿಲ್ಲ.

"ಜೀಪಿನ್ನೂ ತಿರುವು ದಾಟಿಲ್ಲಮ್ಮ. ಕೇಳಿಸೀತು. ಸುಮ್ನಿರಿ."

ಜೀಪು ತಿರುವು ದಾಟಿತು, ಸದ್ದೂ ಅಡಗಿತು. ಮತ್ತೊಮ್ಮೆ ಕರೆಯಲು ಅವಳಿಗೆ ಬಾಯಿ ಬರಲಿಲ್ಲ.