ಊರಹಂಡೆಯ ಸಾರು

ತಿಳವಳ್ಳಿಯ ಉಳವಪ್ಪ ಸಾವಿರ ಮಂದಿಯ ಸಾರು ಕುದಿಯುವ ಊರಹಂಡೆಯನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ಮೀಸೆ ತಿರುವುತ್ತ ಶಿಗ್ಗಾಂವಿಯವರೆಗೆ ನಡೆದಿದ್ದ. ಹಾಗಂತ ಅವನೇ ಹೇಳುತ್ತಿದ್ದ.

ಸುತ್ತಲಿನ ಊರುಗಳ ಮದುವೆ, ತಿಥಿಯೂಟಗಳಿಗೆಲ್ಲ ಆ ತಾಮ್ರದ ಹಂಡೆಯೇ ಹೋಗಬೇಕು. ಅದನ್ನು ಕಾಯುವವನು ಉಳವಪ್ಪ. ಅದರಲ್ಲಿ ಅಡಿಗೆ ಮಾಡುವಾಕೆ ಫಕ್ಕೀರವ್ವ. ಆಕೆಯ ಹುಣಸೆಹಣ್ಣಿನ ಸಾರಿನ ವಾಸನೆಗೆ ಹಿರೇಕೆರೂರಿನ ಸತ್ತವರೂ ಎದ್ದು ಕೂರುತ್ತಿದ್ದರು.

ಯುದ್ಧ ನಡೆದಿದ್ದ ಒಂದು ವರ್ಷ ಮಾತ್ರ, ಉಂಡವರೇ ವಾಂತಿ ಮಾಡಿಕೊಂಡು ಮಲಗಿದರು. ಮೊದಲು ಹಾನಗಲ್ಲಿನಲ್ಲಿ, ಆಮೇಲೆ ಹಿರೇಕೆರೂರಿನಲ್ಲಿ, ಕಡೆಗೆ ತಿಳವಳ್ಳಿಯಲ್ಲೇ. ಆರೋಗ್ಯ ಖಾತೆಯ ಪ್ರಾಣೇಶರಾಯರು ಸೈಕಲ್ಲಿನ ಮೇಲೆ ಊರೂರು ತಿರುಗಿ, ಏನು ಉಂಡಿರಿ, ಏನು ಬಿಟ್ಟಿರಿ ಎಂದು ಮನೆಮನೆಗೂ ಕೇಳಿದರು. ಬರೀ ಹೋಳಿಗೆ ತಿಂದವರು ಗಟ್ಟಿಯಾಗಿದ್ದರು. ಸಾರು ಉಂಡವರೆಲ್ಲ ಬಿದ್ದಿದ್ದರು.

"ಮೂರೂ ಕಡೆ ಸಾರು ಮಾಡಿದವ್ರು ಯಾರು, ಉಳವಪ್ಪ?"

"ಫಕ್ಕೀರವ್ವರಿ."

ಸುಳ್ಳಲ್ಲ. ಅವನು ಜನ್ಮದಲ್ಲಿ ಅಷ್ಟು ಚಿಕ್ಕದಾಗಿ ಆಡಿದ ಮಾತು ಅದೊಂದೇ.

ಅಂದಿನಿಂದ ಫಕ್ಕೀರವ್ವನ ಕೈನೀರನ್ನೂ ಯಾರೂ ಮುಟ್ಟಲಿಲ್ಲ. "ಯಣ್ಣಾ, ನನ್ನ ಕೈಯಾಗ ಅಂಥಾದ್ದೇನೈತೋ?" ಎಂದು ಆಕೆ ಉಳವಪ್ಪನನ್ನು ಕೇಳಿದಳು.

"ಸುಮ್ಮನಿರಬೇ ಯವ್ವಾ, ರಾಯರಿಗೆ ನಾ ಬುದ್ಧಿ ಹೇಳ್ತೇನಿ," ಎಂದ. ಹೇಳಲಿಲ್ಲ. ಆಕೆ ಒಲೆ ಒಡೆದು, ದೂರದ ಮಗಳ ಊರಿಗೆ ಹೋಗಿಬಿಟ್ಟಳು.

ಮುಂದಿನ ಮದುವೆಗೆ ಆಕೆಯ ಬದಲು ಹೊನ್ನವ್ವ ಎಂಬಾಕೆ ಅದೇ ಹಂಡೆಯಲ್ಲಿ ಸಾರು ಮಾಡಿದಳು. ಉಂಡವರು ಮತ್ತೆ ಬಿದ್ದರು! ಈ ಸಲ ರಾಯರು ಬಂದವರೇ ಹಂಡೆ ತರಿಸಿದರು. ಹೊರಗೆಲ್ಲ ಅದು ಸೂರ್ಯನನ್ನೇ ನಾಚಿಸುವಂತೆ ಹೊಳೆಯುತ್ತಿತ್ತು.

"ಒಳಗ ತವರದ ಕಲಾಯಿ ಹಾಕ್ಸಿ ಎಷ್ಟು ದಿನ ಆತು?"

"ದೀಪಾವಳಿಗೇ ಹಾಕ್ಸೇನ್ರಿ, ಸವಣೂರಿನ ಅಕ್ಬರಸಾಬನ ಕಡೆ! ಒಳಗ ಇಣುಕಿದ್ರ ಸತ್ತ ಮುತ್ತ್ಯಾನ ಮಾರಿ ಕಾಣ್ತೈತಿ!"

ರಾಯರು ಕರೆತಂದಿದ್ದ ಕಲಾಯಿಗಾರ ಅಕ್ಬರಸಾಬನೇ ಅವರ ಹಿಂದಿನಿಂದ ಮುಂದೆ ಬಂದು ಹಂಡೆಯೊಳಗೆ ಕೈಯಾಡಿಸಿದ. ಬೆರಳಿಗೆ ಹಸಿರು ಹತ್ತಿತು.

"ಉಳವಣ್ಣಾ, ನೀ ಬಂದಿದ್ದಿ, ಖರೆ. ನನ್ನ ಕಟ್ಟಿ ಮ್ಯಾಲ ಕುಂತು ಹುಲಿ ಹೊಡದ ಕತಿ ಹೇಳಿದಿ. ಹಂಡೆ ಬಂಡ್ಯಾಗ ಉಳೀತಲ್ಲೋ!"

ಜನ ನಕ್ಕರು. ರಾಯರು ನಗಲಿಲ್ಲ. "ಕಲಾಯಿ ಹೋದ ತಾಮ್ರಕ್ಕ ಹುಳಿ ಬಿದ್ರ ವಿಷ ಆಗ್ತದ. ನಿನಗ ಗೊತ್ತಿರ್ಲಿಲ್ಲೇನು?"

ಉಳವಪ್ಪ ಮೀಸೆಯತ್ತ ಒಯ್ದ ಕೈಯನ್ನು ಇಳಿಸಿದ.

"ಗೊತ್ತಿತ್ತರಿ. ಕತಿ ಮುಗಿಯೂದ್ರಾಗ ಹೊತ್ತು ಮುಳುಗ್ತು. ಹುಣಸಿಹಣ್ಣು, ಬೂದಿ ಹಚ್ಚಿ ಹೊರಗಷ್ಟ ತಿಕ್ಕಿದೆ. ಮೊದಲ್ನೇ ಊರಾಗ ಮಂದಿ ಬಿದ್ದಾಗನ ತಿಳೀತು. ಅಂಜಿ ಫಕ್ಕೀರವ್ವನ ಹೆಸರು ಹೇಳಿದೆ." ಅವನ ದನಿ ಇಳಿಯಿತು. "ಮಗಳ ಊರಿಗೆ ಹೊಂಟಾಗ ಯಲವಿಗಿ ರೈಲು ಸ್ಟೇಶನ್ನಿಗೆ ಆಕಿನ್ನ ನಾನ ಬಂಡಿ ಕಟ್ಟಿ ಬಿಟ್ಟು ಬಂದೇನ್ರಿ. ದಾರಿ ತುಂಬ ಕತಿ ಹೇಳಿದೆ. ಇದೊಂದು ಹೇಳ್ಲಿಲ್ಲ."