ಟವಲ್ ಹಾಕಿದ ಸೀಟು

ಚಿಕ್ಕೇರೂರಿನ ವಾಣಿಶ್ರೀ ಏಳು ವರ್ಷ ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಬೇರೆಯವರ ಹಾಡು ಹಾಡಿದಳು. ಅವಳ ಸರದಿ ಬರುತ್ತಿದ್ದುದು ಸರಿಯಾಗಿ ಊಟದ ಪಂಕ್ತಿ ಏಳುವಾಗ. ಜನ ಕೈ ತೊಳೆಯಲು ನುಗ್ಗುತ್ತಿದ್ದರೆ ಇವಳು ಪ್ರೇಮಗೀತೆಯ ಪಲ್ಲವಿ ಎತ್ತುತ್ತಿದ್ದಳು. ಇಪ್ಪತ್ತಾರು ತುಂಬಿದ ವರ್ಷ ಆ ಕೆಲಸಕ್ಕೆ ಶರಣು ಹೊಡೆದು ಹೊರಬಿದ್ದು, ತಾನೇ ಬರೆದು ತಾನೇ ಹಾಡಿ ಯೂಟ್ಯೂಬಿಗೆ ಹಾಕತೊಡಗಿದಳು. ಚಾನೆಲ್ಲಿನ ಮೇಲೆ ‘ಸ್ವತಂತ್ರ ಗಾಯಕಿ, ಕನ್ನಡ ಮತ್ತು ಉರ್ದು’ ಎಂದು ಬರೆದುಕೊಂಡಳು.

ಅಪ್ಪ ಕರಬಸಪ್ಪ ಕನ್ನಡಕ ಏರಿಸಿ ಅದನ್ನು ಓದಿದ.

“ಸ್ವತಂತ್ರ ಅಂದ್ರ ಏನವಾ? ಉಳದ ಗಾಯಕರೆಲ್ಲಾ ಜೇಲಿನ್ಯಾಗ ಅದಾರನ?”

“ನಂಗ ಕಂಪನಿ ಇಲ್ಲಪ್ಪಾ. ಬರಿಯಾಕಿ ನಾನ, ಹಾಡಾಕಿ ನಾನ. ಛಲೋ ಆದ್ರೂ ನಂದ, ಕೆಟ್ಟರೂ ನಂದ.”

“ಹಂಗಂದ್ರ ನಮ್ಮ ಗೋವಿನಜೋಳ ಇದ್ದಂಗ ಅನ್ನು,” ಎಂದು ಅವನು ಹೊಲಕ್ಕೆ ಹೊರಟ. ಬೇಡ ಅನ್ನಲಿಲ್ಲ. ಅವಳಿಗೆ ಅಷ್ಟು ಸಾಕಿತ್ತು.

ಉರ್ದು ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಹತ್ತನೆಯ ಇಯತ್ತೆವರೆಗೆ ಅವಳು ಬೆಳೆದದ್ದು ಹುಲಗೂರಿನ ಸೋದರತ್ತೆಯ ಮನೆಯಲ್ಲಿ. ಗೋಡೆಯಾಚೆ ಶೇಖಸಾಬನ ಮನೆ, ಮನೆ ತುಂಬ ಹೆಣ್ಣುಮಕ್ಕಳು. ಅವರೊಡನೆ ಆಡಿ, ಮುನಿಸಿಕೊಂಡು, ಮತ್ತೆ ಕೂಡಿ ಅವರ ಮಾತು ನಾಲಗೆಗೆ ಹತ್ತಿತ್ತು. ಆ ಲಿಪಿಯ ಒಂದಕ್ಷರವೂ ಬಾರದು, ಜಗಳಕ್ಕೆ ನಿಂತರೆ ಮಾತ್ರ ಒಂದು ಶಬ್ದಕ್ಕೂ ತಡಕಾಡುತ್ತಿರಲಿಲ್ಲ.

ಮೊದಲೆರಡು ಹಾಡುಗಳನ್ನು ನೆಂಟರಷ್ಟೇ ಕೇಳಿದರು. ಮೂರನೆಯದು ಬಸ್ಸಿನ ಹಾಡು. ಶಿಗ್ಗಾವಿ ಬಸ್ಸಿನಲ್ಲಿ ಹುಡುಗಿಯೊಬ್ಬಳು ಪಕ್ಕದ ಸೀಟಿಗೆ ಟವಲ್ ಹಾಕಿ ಹುಡುಗನಿಗಾಗಿ ಕಾಯುತ್ತಾಳೆ, ಅವನ ಪತ್ತೆಯೇ ಇಲ್ಲ. ‘ಕಿಡಕಿ ಸೀಟಿಗೆ ಟವಲ್ ಹಾಕೇನಿ, ಎಲ್ಲಿ ಅದಿ ನೀನು’ ಎಂದು ಕನ್ನಡದಲ್ಲಿ ಕರೆದವಳು, ಸಿಟ್ಟು ಬಂದ ಕೂಡಲೇ ‘ಆತೂಂ ಬೋಲ್ಕೆ ಬೋಲ್ಯಾ, ಆಯಾಚ್ ನೈ’ ಎಂದು ಉರ್ದುವಿಗೆ ಹೊರಳುತ್ತಾಳೆ. ಅಂದರೆ, ಬರ್ತೇನಿ ಅಂತ ಹೇಳಿದ, ಬರಲೇ ಇಲ್ಲ. ಕಡೆಯ ಚರಣದಲ್ಲಿ, ಬಸ್ಸು ಹೊರಡುವ ಹೊತ್ತಿಗೆ, ಅವನು ಓಡಿ ಬಂದು ಹತ್ತುತ್ತಾನೆ.

ಅರ್ಧ ನಿಮಿಷದ ತುಣುಕನ್ನು ಹಾಕಿದ ದಿನವೇ ಯಾರೋ ಕೆಳಗೆ ಬರೆದರು: ‘ಇದು ಉರ್ದು ಅಲ್ಲ, ಉರ್ದುವಿಗೆ ಅವಮಾನ.’ ವಾಣಿಶ್ರೀಗೆ ಅನ್ನ ಸೇರಲಿಲ್ಲ.

“ನಮ್ಮ ದಾದಾಗ ತೋರಸೂಣು ನಡಿ ಅಕ್ಕಾ,” ಎಂದ ಅಸದ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದು, ಅವಳ ಜೊತೆಗೇ ಬಿಟ್ಟು ಬಂದ ಹುಡುಗ. ಸವಣೂರಿನ ಅವನ ಮನೆಯ ಮಾಳಿಗೆಯೇ ಇವರ ಸ್ಟುಡಿಯೋ. ಬೀದಿಯ ಸದ್ದು ಒಳಗೆ ಬಾರದಿರಲೆಂದು ಅದರ ಗೋಡೆಗಳಿಗೆಲ್ಲ ವಾಣಿಶ್ರೀಯ ಅವ್ವ ಹೊಲಿದ ಕೌದಿಗಳನ್ನು ಇಳಿಬಿಟ್ಟಿದ್ದರು. ದಾದಾ, ಅಂದರೆ ಅವನ ಅಜ್ಜ, ಸಿರಾಜುದ್ದೀನ ಮಾಸ್ತರರು ಮೂವತ್ತೈದು ವರ್ಷ ಉರ್ದು ಕಲಿಸಿ ನಿವೃತ್ತರಾದವರು.

ಮಾಸ್ತರರು ಹಾಡನ್ನು ಓದಿಸಿ ಕೇಳಿ, ಕೆಂಪು ಪೆನ್ನು ತರಿಸಿದರು.

“ಬೇಟಿ, ಇದು ಅಡಗಿಮನಿ ಮಾತು. ಹಾಡಿಗೆ ಒಂದು ಅದಬ್, ಒಂದು ಮರ್ಯಾದಿ ಬೇಕಲ್ಲ!”

ಒಂದು ತಾಸಿನಲ್ಲಿ ಹುಡುಗಿಯ ಸಿಟ್ಟು ‘ವಾದಾ ಕರ್‌ಕೆ ಭೀ ತಶ್ರೀಫ್ ನ ಲಾಯೇ’ ಎಂದಾಯಿತು. ಮಾತು ಕೊಟ್ಟರೂ ತಾವು ದಯಮಾಡಿಸಲಿಲ್ಲ! ವಾಣಿಶ್ರೀ ಅದನ್ನು ಬಾಯಿಪಾಠ ಮಾಡಿ, ಹಾಡಿ, ನಾಲ್ಕು ದಿನದ ಮೇಲೆ ಮಾಸ್ತರರಿಗೆ ಕೇಳಿಸಿದಳು. ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಷ್ಟರಲ್ಲಿ ಮೂಲೆಯಲ್ಲಿ ವೀಳ್ಯದೆಲೆ ಒರೆಸುತ್ತ ಕೂತಿದ್ದ ಅವರ ಹೆಂಡತಿ ಹುಸೇನಬಿ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಅಯ್ಯ, ಬಸ್ಸಿನ್ಯಾಗ ಟವಲ್ ಹಾಕಿ ಕುಂತಾಕಿ ತಶ್ರೀಫ್ ಅಂತಾಳನ? ನೀವು ಸಂತಿಗೆ ಹೋಗಿ ಹೊತ್ತು ಮುಣುಗಿಸಿ ಬಂದಾಗ ನಾ ಹಂಗ ಅಂದೇನೇನ್ರಿ?”

“ಮತ್ತೇನಂತಿ?” ಮಾಸ್ತರರ ದನಿ ಗಡುಸಾಯಿತು.

“ಈ ಹುಡುಗಿ ಮೊದಲ ಬರದಿದ್ದಳಲ್ಲ, ಅದನ್ನ. ಐವತ್ತು ವರ್ಷದಿಂದ ಅದನ್ನ ಅನ್ನಾಕತ್ತೇನಿ. ನಿಮಗ ಕೇಳಿಸಿದ್ದು ಇವತ್ತು!”

ಅಸದ ನಗು ತಡೆಯಲಾರದೆ ಹೊರಗೆ ಓಡಿದ. ಮಾಸ್ತರರು ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗೆ ಇಳಿಸಿದರು. ವಾಣಿಶ್ರೀ ಹಾಳೆ ತೆರೆದು ಮಾಸ್ತರರ ಸಾಲುಗಳನ್ನು ಮತ್ತೆ ನೋಡಿದಳು. ನಾಲ್ಕು ದಿನ ಆ ಸಾಲುಗಳನ್ನು ಹಾಡಿದ್ದರಿಂದ ಅವುಗಳ ಗತ್ತು ಅವಳಿಗೂ ಹಿಡಿಸಿಬಿಟ್ಟಿತ್ತು. ಒಮ್ಮೆಲೇ ಹೊಳೆಯಿತು.

“ಸರ್, ಹುಡುಗಿ ಅಡಗಿಮನಿ ಮಾತ ಆಡ್ಲಿ. ಕಡೀಕೆ ಆ ಹುಡುಗ ಓಡಿ ಬಂದು ಬಸ್ ಹತ್ತತಾನಲ್ರಿ, ಅವಂಗ ಹೆದರಿಕಿ. ಹೆದರಿದಾಂವ ಭಾರಿ ಉರ್ದು ಮಾತಾಡ್ಲಿ! ‘ನಾ ತಶ್ರೀಫ್ ತರೂದು ತಡಾ ಆತು’ ಅಂತ...”

“ತೋಬಾ!” ಮಾಸ್ತರರು ಗುಡುಗಿದರು. “ತಶ್ರೀಫ್ ಅಂತ ತನಗ ತಾನ ಅಂದ್ಕೋತಾರೇನ? ಮಂದಿಗೆ ಅನ್ನೂದು ಅದು! ‘ಹಾಜಿರ್ ಹೋನೇ ಮೇಂ ಜರಾ ತಾಖೀರ್ ಹುಯೀ, ಹುಜೂರ್.’ ಹಾಜರಾಗೂದು ತುಸು ತಡಾ ಆತು, ಹಿಂಗ ಅನಬೇಕು.”

“ಹಂಗಾರ ನೀವ ಅನ್ರಿ ಸರ್. ಮಾಳಿಗಿ ಮ್ಯಾಲ ಮೈಕ್ ಐತಿ.”

ಮಾಸ್ತರರು ಹೆಂಡತಿಯ ಕಡೆ ನೋಡಿದರು. ಹುಸೇನಬಿ ಎಲೆಗೆ ಸುಣ್ಣ ಸವರುತ್ತ, “ಹೋಗ್ರಲ್ಲ,” ಎಂದರು.

ಫ್ಯಾನ್ ಹಾಕುವಂತಿಲ್ಲ, ಸುತ್ತ ಕೌದಿ. ಮಾಸ್ತರರು ಬೆವರಿ ತೊಪ್ಪೆಯಾದರು. ಒಮ್ಮೆ ಕೆಮ್ಮು ಬಂತು, ಒಮ್ಮೆ ಉತ್ಸಾಹ ಹೆಚ್ಚಿ ಯಾರೂ ಕೇಳದ ಶಾಯರಿ ಒಂದನ್ನು ಸೇರಿಸಿದರು. ಹದಿನೇಳನೆಯ ಸಲ ಸರಿಹೋಯಿತು.

ಹಾಡು ಹೊರಬಂದ ಮೇಲೆ ಆದದ್ದನ್ನು ವಾಣಿಶ್ರೀಯೇ ನಂಬಲಾರದೆ ಹೋದಳು. ಹಿರೇಕೆರೂರಿನ ಟ್ರ್ಯಾಕ್ಟರುಗಳಲ್ಲಿ, ಮಾಸೂರಿನ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸರ ಮೊಬೈಲುಗಳಲ್ಲಿ ಅದೇ ಹಾಡು. ತಡವಾಗಿ ಬಂದವರೆಲ್ಲ ‘ತಾಖೀರ್ ಹುಯೀ, ಹುಜೂರ್’ ಎಂದು ಕೈ ಮುಗಿಯತೊಡಗಿದರು. ಹಾನಗಲ್ಲಿನ ಕಾಲೇಜೊಂದು ವಾರ್ಷಿಕೋತ್ಸವಕ್ಕೆ ಕರೆಯಿತು. ಮಾಸ್ತರರು ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು ಬಂದರು, ಕರಬಸಪ್ಪ ರುಮಾಲು ಸುತ್ತಿ ಮುಂದಿನ ಸಾಲಿನಲ್ಲಿ ಕೂತ.

ಅವಳು ಹಾಡುತ್ತ ಹೋದಳು. ಹುಡುಗ ಬಸ್ಸು ಹತ್ತುವ ಜಾಗ ಬಂತು, ಮಾಸ್ತರರು ಮೈಕ್ ಹಿಡಿದು ಉಸಿರೆಳೆದರು. ಅವರು ಬಾಯಿ ತೆರೆಯುವ ಮೊದಲೇ ಎಂಟುನೂರು ಮಕ್ಕಳು ಒಂದೇ ದನಿಯಲ್ಲಿ ಆ ಸಾಲನ್ನು ಕೂಗಿಬಿಟ್ಟರು.

“ನಿಲ್ಲಸ್ರಿ!” ಮಾಸ್ತರರು ಕೈ ಎತ್ತಿದರು. ಅಸದನ ಕೀಬೋರ್ಡೂ ನಿಂತಿತು. “ತಾಕೀರ್ ಅಲ್ಲ! ಗಂಟಲದಾಗಿಂದ ಬರಬೇಕು. ತಾಖೀರ್! ಅನ್ರಿ!”

ಮಕ್ಕಳು ಅಂದರು. ಅವರಿಗೆ ಸಮಾಧಾನವಾಗಲಿಲ್ಲ. ಹುಡುಗಿಯರ ಕಡೆಯಿಂದ ಒಮ್ಮೆ, ಹುಡುಗರ ಕಡೆಯಿಂದ ಒಮ್ಮೆ, ಪ್ರಿನ್ಸಿಪಾಲರಿಂದಲೂ ಒಮ್ಮೆ ಹೇಳಿಸಿದರು. ವಾಣಿಶ್ರೀ ವೇದಿಕೆಯ ಅಂಚಿಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಎದ್ದು, ಅದೇ ನಗೆ ದನಿಯಲ್ಲಿ ಇರುವಾಗಲೇ, ಉಳಿದದ್ದನ್ನು ಹಾಡಿ ಮುಗಿಸಿದಳು. ಅಷ್ಟು ಹಗುರಾಗಿ ಅವಳು ಎಂದೂ ಹಾಡಿರಲಿಲ್ಲ.

ಗೇಟಿನ ಹತ್ತಿರ ಒಬ್ಬ ಹುಡುಗಿ ಅಡ್ಡ ಬಂದಳು. ಶೀಲಾ ಅಂತ, ಶಿಗ್ಗಾವಿ ಕಡೆಯ ತಾಂಡಾದವಳು.

“ಅಕ್ಕಾರ, ನಮ್ಮ ಲಂಬಾಣಿ ಮಾತಿನ್ಯಾಗೂ ಒಂದು ಹಾಡು ಮಾಡ್ರಿ.”

“ನಂಗ ಬರೂದಿಲ್ಲಲ್ಲವಾ.”

“ನಾ ಕಲಸ್ತೇನ್ರಿ. ತಪ್ಪಿದ್ರ ನಮ್ಮವ್ವ ನಗತಾಳ, ಅಷ್ಟ.”

ವಾಣಿಶ್ರೀ ಅಲ್ಲೇ ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ಅವಳಿಗೂ ಜಾಗ ಮಾಡಿ, ಚೀಲದಿಂದ ವಹಿ ಪೆನ್ನು ತೆಗೆದಳು.

“ನಿಮ್ಮವ್ವ ಸಿಟ್ಟು ಬಂದ್ರ ಏನಂತಾಳ, ಮೊದಲ ಅದನ್ನ ಹೇಳು.”